ನಳಿಗೆಯ ಬೆಲೆ

1857 ಎಂದೊಡನೆ ನೆನಪಾಗುವುದು ಕೊಬ್ಬು ಸವರಿದ ತೋಟಾ. ಎನ್‌ಫೀಲ್ಡ್ ಬಂದೂಕಿನ ಆ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕೆಂಬ ಕಟ್ಟಳೆ ಸಿಪಾಯಿಗಳ ಸಿಟ್ಟಿಗೆ ಕಿಡಿ ಹಚ್ಚಿತೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಬಂದೂಕಿನ ಇತಿಹಾಸದಲ್ಲಿ ಆ ವರ್ಷಕ್ಕೆ ಬೇರೆ ಮಹತ್ವವೂ ಉಂಟು. ಆ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಹೈತ್ ಎಂಬ ಊರಿನಲ್ಲಿ ಎರಡು ಬಗೆಯ ನಳಿಗೆಗಳ ಪರೀಕ್ಷೆ ನಡೆದು, ಗುರಿಯ ನಿಖರತೆಯೆಂದರೆ ಏನೆಂಬುದಕ್ಕೆ ಹೊಸ ಅಳತೆಗೋಲು ಸಿಕ್ಕಿತು. ಅದೇ ವರ್ಷ ಅಮೆರಿಕದ ಸ್ಮಿತ್ ಮತ್ತು ವೆಸನ್ ಕಂಪನಿ .22 ಅಂಗುಲದ ಒಂದು ಪುಟ್ಟ ತಾಮ್ರದ ತೋಟಾವನ್ನು ಮಾರುಕಟ್ಟೆಗೆ ತಂದಿತು. ಸೆಪ್ಟೆಂಬರಿನಲ್ಲಿ ಕಲ್ಕತ್ತೆಯಲ್ಲಿ ಕಂಪನಿ ಸರ್ಕಾರ 1857ರ 28ನೆಯ ಕಾಯ್ದೆಯನ್ನು ಹೊರಡಿಸಿ, ಹಿಂದೂಸ್ತಾನದಲ್ಲಿ ಆಯುಧ ಇಟ್ಟುಕೊಳ್ಳುವ ಹಕ್ಕಿಗೆ ಕಡಿವಾಣ ಹಾಕಿತು.

ಮೊದಲಿನ ಎರಡು ಘಟನೆಗಳಿಂದ ಹೊರಟ ದಾರಿ ಇಂದು ಲಕ್ಷಾಂತರ ರೂಪಾಯಿ ಬೆಲೆಬಾಳುವ, ಹೇಳಿ ಮಾಡಿಸಿದ ಬೆಂಚ್‌ರೆಸ್ಟ್ ರೈಫಲಿನವರೆಗೆ ಬಂದು ನಿಂತಿದೆ. ಮೂರನೆಯದರಿಂದ ಹೊರಟ ದಾರಿ ಮುಂಡರಗಿ, ಹಮ್ಮಿಗಿ, ಡಂಬಳ, ನರಗುಂದಗಳ ಮೂಲಕ ಹಾಯ್ದು ಇಂದಿನ ಲೈಸೆನ್ಸ್ ಪುಸ್ತಕದವರೆಗೆ ಬಂದಿದೆ. ಒಂದು ನಳಿಗೆಯ ನಿಜವಾದ ಬೆಲೆ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಎರಡೂ ದಾರಿಗಳನ್ನು ನೋಡಬೇಕಾಗುತ್ತದೆ.

ಕುಲುಮೆಯ ನಳಿಗೆ

ಬಂದೂಕಿನ ಜೀವ ಇರುವುದು ಅದರ ನಳಿಗೆಯಲ್ಲಿ. ಹಿಡಿ, ಕುದುರೆ, ಬಿಲ್ಲು ಇವೆಲ್ಲ ನಳಿಗೆಯ ಸೇವಕರು. ನಮ್ಮ ದೇಶದ ಕಂಬಾರರು ಹಳೆಯ ಕಾಲದಲ್ಲಿ ನಳಿಗೆ ಮಾಡುತ್ತಿದ್ದ ಕ್ರಮ ಸರಳವೆನಿಸಿದರೂ ಸುಲಭದ್ದಲ್ಲ. ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಒಂದು ಸಲಾಕೆಯ ಸುತ್ತ ಸುತ್ತಿ, ಅಡಿಗಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ಬಡಿದು ಬೆಸೆಯುವುದು; ಆಮೇಲೆ ಸಲಾಕೆ ತೆಗೆದು ಒಳಗನ್ನು ಕೊರೆದು ನುಣುಪು ಮಾಡುವುದು. ಅಕ್ಬರನ ಕಾರ್ಖಾನೆಯಲ್ಲಿ ನಳಿಗೆಗಳನ್ನು ಹೇಗೆ ಸುತ್ತಿ ಬೆಸೆಯುತ್ತಿದ್ದರೆಂಬುದನ್ನು ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಬರೆದಿಟ್ಟಿದ್ದಾನೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಕುಶಲಕರ್ಮಿಗಳು ಮಾಡಿದ ಬಂದೂಕುಗಳು ಇಂದಿಗೂ ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿವೆ. ಅಂದರೆ ಕಬ್ಬಿಣವನ್ನು ಕೊಳವೆ ಮಾಡುವ ವಿದ್ಯೆ ಈ ನೆಲಕ್ಕೆ ಹೊಸದೇನೂ ಅಲ್ಲ.

ಆದರೆ ಇಂಥ ನಳಿಗೆಗಳ ಒಳಮೈ ಬಹುಮಟ್ಟಿಗೆ ನುಣುಪಾಗಿರುತ್ತಿತ್ತು. ಬಾಯಿಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಒತ್ತಿ ಹೊಡೆಯುವ ಬಂದೂಕಿನಲ್ಲಿ ಗುಂಡು ನಳಿಗೆಗಿಂತ ತುಸು ಸಣ್ಣದಾಗಿರಬೇಕು. ಇಲ್ಲವಾದರೆ ಒಳಗೆ ಇಳಿಯದು. ಹಾಗಾಗಿ ಅದು ನಳಿಗೆಯ ಗೋಡೆಗೆ ಅತ್ತಿತ್ತ ತಾಗುತ್ತ ಹೊರಬರುತ್ತದೆ. ಕೊನೆಯಲ್ಲಿ ಯಾವ ಗೋಡೆಗೆ ತಾಗಿತೋ ಅದರ ಮೇಲೆ ಗುಂಡಿನ ದಿಕ್ಕು ನಿಂತಿರುತ್ತದೆ. ನೂರು ಗಜದಾಚೆಗೆ ಒಬ್ಬ ಮನುಷ್ಯನಿಗೆ ಗುರಿಯಿಟ್ಟು ಹೊಡೆಯುವುದು ಅದೃಷ್ಟದ ಮಾತೇ ಆಗಿತ್ತು.

ಬುಗುರಿ ತಿರುಗುತ್ತಿರುವವರೆಗೆ ನೆಟ್ಟಗೆ ನಿಲ್ಲುತ್ತದೆ. ತಿರುಗುವುದು ನಿಂತರೆ ಬೀಳುತ್ತದೆ. ಗುಂಡಿನ ಕತೆಯೂ ಅದೇ. ನಳಿಗೆಯ ಒಳಗೆ ಸುರುಳಿಯಾಗಿ ಗೀರುಗಳನ್ನು ಕೊರೆದರೆ, ಅವುಗಳನ್ನು ಕಚ್ಚಿಕೊಂಡು ಬರುವ ಗುಂಡು ತನ್ನ ಸುತ್ತಲೇ ತಿರುಗುತ್ತ ಹೊರಟು, ಗಾಳಿಯಲ್ಲಿ ತೂರಾಡದೆ ಸಾಗುತ್ತದೆ. 'ರೈಫಲ್' ಎಂಬ ಹೆಸರೇ ಈ ಗೀರುಗಳಿಂದ ಬಂದದ್ದು. ಯೂರೋಪಿನಲ್ಲಿ ಈ ಉಪಾಯ ಬಹು ಹಿಂದೆಯೇ ಗೊತ್ತಿತ್ತಾದರೂ ಗೀರಿನೊಳಗೆ ಗುಂಡನ್ನು ಗಿಡಿದು ತುಂಬಲು ಹೊತ್ತು ಹಿಡಿಯುತ್ತಿದ್ದುದರಿಂದ ಸೈನ್ಯಗಳು ಅದನ್ನು ದೂರವಿಟ್ಟಿದ್ದವು. ಸಡಿಲವಾಗಿ ಒಳಗಿಳಿದು, ಮದ್ದು ಉರಿದಾಗ ಉಬ್ಬಿ ಗೀರನ್ನು ಕಚ್ಚುವ ಗುಂಡು ಹತ್ತೊಂಬತ್ತನೆಯ ಶತಮಾನದ ನಡುವೆ ಬಂದ ಮೇಲೆ ಆ ತೊಡಕು ನೀಗಿತು. 1853ರ ಎನ್‌ಫೀಲ್ಡ್ ಇಂಥದ್ದು. ಅದರ 39 ಅಂಗುಲದ ನಳಿಗೆಯಲ್ಲಿ ಮೂರು ಗೀರುಗಳಿದ್ದವು. 78 ಅಂಗುಲಕ್ಕೆ ಒಂದು ಸುತ್ತು. ಅಂದರೆ ನಳಿಗೆ ದಾಟುವಷ್ಟರಲ್ಲಿ ಗುಂಡು ಅರ್ಧ ಸುತ್ತು ತಿರುಗುತ್ತಿತ್ತು.

ರಾಣಿ ಹೊಡೆದ ಗುಂಡು

ಎನ್‌ಫೀಲ್ಡ್ ನಳಿಗೆಗಳು ಒಂದರಂತೆ ಒಂದು ಹೊಡೆಯುವುದಿಲ್ಲವೆಂಬ ದೂರು ಬಂದಾಗ ಬ್ರಿಟಿಷ್ ಸರ್ಕಾರ ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರನ ಮೊರೆಹೊಕ್ಕಿತು. ಯಂತ್ರಗಳ ತಿರುಪುಮೊಳೆಗಳಿಗೆ ಒಂದೇ ಅಳತೆ ಗೊತ್ತುಮಾಡಿದವನು, ಅಂಗುಲದ ಹತ್ತು ಲಕ್ಷದಲ್ಲೊಂದು ಭಾಗವನ್ನು ಅಳೆಯುವ ಯಂತ್ರ ಮಾಡಿದವನು ಈತ. ಯಂತ್ರ ಮಾಡಿಕೊಡುವ ಮೊದಲು ನಳಿಗೆ ಹೇಗಿರಬೇಕೆಂಬುದನ್ನೇ ಯಾರೂ ಪರೀಕ್ಷಿಸಿಲ್ಲವೆಂದು ಹೇಳಿ, ಮ್ಯಾಂಚೆಸ್ಟರಿನ ತನ್ನ ಮನೆಯ ಬಳಿ 500 ಗಜ ಉದ್ದದ ಮಾಡುಳ್ಳ ಅಂಗಳವೊಂದನ್ನು ಕಟ್ಟಿಸಿ ಪ್ರಯೋಗಕ್ಕೆ ಕುಳಿತ. ಗಾಳಿಯ ಕಾಟವಿಲ್ಲದೆ ನಳಿಗೆಯ ಗುಣವೊಂದನ್ನೇ ನೋಡುವ ಉಪಾಯವಿದು.

ಅವನು ಕೊನೆಗೆ ಮಾಡಿದ ನಳಿಗೆ ಆರು ಮೂಲೆಯದು. ಎನ್‌ಫೀಲ್ಡಿನ .577 ಅಂಗುಲದ ಬಾಯಿಯ ಬದಲು .451 ಅಂಗುಲ, 78 ಅಂಗುಲಕ್ಕೆ ಒಂದರ ಬದಲು 20 ಅಂಗುಲಕ್ಕೆ ಒಂದು ಸುತ್ತು. 1857ರ ಹೈತ್ ಪರೀಕ್ಷೆಯಲ್ಲಿ 800 ಗಜದಿಂದ ಹೊಡೆದಾಗ ಎನ್‌ಫೀಲ್ಡಿನ ಗುಂಡುಗಳು ನಡುವಿನಿಂದ ಸರಾಸರಿ ನಾಲ್ಕು ಅಡಿಯಷ್ಟು ಚದುರಿದರೆ, ವಿಟ್‌ವರ್ತನ ಗುಂಡುಗಳು ಚದುರಿದ್ದು ಸುಮಾರು ಒಂದು ಅಡಿ ಮಾತ್ರ. 1860ರ ಜುಲೈ 2ರಂದು ವಿಂಬಲ್ಡನ್ ಬಯಲಿನಲ್ಲಿ ನಡೆದ ಮೊದಲ ರಾಷ್ಟ್ರೀಯ ಗುರಿ ಸ್ಪರ್ಧೆಯನ್ನು ವಿಕ್ಟೋರಿಯಾ ರಾಣಿ ಆರಂಭಿಸಿದ್ದು ಇದೇ ರೈಫಲಿನಿಂದ. ಕಬ್ಬಿಣದ ಆಸರೆಯ ಮೇಲೆ ಬಿಗಿದು, ಮೊದಲೇ ಗುರಿ ಹೊಂದಿಸಿಟ್ಟಿದ್ದ ರೈಫಲಿಗೆ ಕಟ್ಟಿದ್ದ ರೇಷ್ಮೆ ದಾರವನ್ನು ರಾಣಿ ಎಳೆದಳು. 400 ಗಜ ದೂರದ ಗುರಿಯ ನಡುವಿನಿಂದ ಒಂದೂಕಾಲು ಅಂಗುಲದಲ್ಲಿ ಗುಂಡು ತಾಗಿತು.

ಹೊಡೆಯುವವರ ಕೈ ನಡುಕವನ್ನು ತೆಗೆದುಹಾಕಿ ನಳಿಗೆಯ ಯೋಗ್ಯತೆಯನ್ನಷ್ಟೇ ಪರೀಕ್ಷೆಗೊಡ್ಡುವ ಈ ತತ್ವವೇ ಬೆಂಚ್‌ರೆಸ್ಟ್ ಕ್ರೀಡೆಯ ತಿರುಳು. ಇಷ್ಟಾದರೂ ಸೈನ್ಯ ವಿಟ್‌ವರ್ತನ ರೈಫಲನ್ನು ಕೊಳ್ಳಲಿಲ್ಲ. ಮದ್ದಿನ ಮಸಿ ಬೇಗ ಕಟ್ಟಿಕೊಳ್ಳುತ್ತಿತ್ತು. ಮೇಲಾಗಿ ಬೆಲೆ ಎನ್‌ಫೀಲ್ಡಿನ ಸುಮಾರು ನಾಲ್ಕು ಪಟ್ಟು. ನಿಖರತೆಗೆ ಕೊಡಬೇಕಾದ ಬೆಲೆಯ ಬಗ್ಗೆ ಜಗಳ ಅಂದೇ ಶುರುವಾಯಿತೆನ್ನಬಹುದು.

ಅಂಚಿನಲ್ಲಿ ಬೆಂಕಿ

ಸ್ಮಿತ್ ಮತ್ತು ವೆಸನ್‌ರ ತೋಟಾ ಹಿಡಿದದ್ದು ಇನ್ನೊಂದು ದಾರಿ. ತೋಟಾದ ತಳದ ಸುತ್ತ ಒಂದು ಅಂಚು. ಅದರ ಮಡಿಕೆಯೊಳಗೆ ಕಿಡಿ ಹಾರಿಸುವ ರಾಸಾಯನಿಕ. ಬಂದೂಕಿನ ಮೊಳೆ ಅಂಚಿಗೆ ಬಡಿದರೆ ಸಾಕು, ಮದ್ದು ಹೊತ್ತಿಕೊಳ್ಳುತ್ತದೆ. 'ರಿಮ್‌ಫೈರ್' ಎಂಬ ಹೆಸರು ಬಂದದ್ದು ಇದರಿಂದ. ಫ್ರಾನ್ಸಿನ ಫ್ಲೋಬೆರ್ 1845ರಲ್ಲಿ ಮದ್ದೇ ಇಲ್ಲದೆ, ಕಿಡಿಯ ಬಲದಿಂದಲೇ ಸಣ್ಣ ಗುಂಡು ಹಾರಿಸುವ ಆಟದ ಬಂದೂಕು ಮಾಡಿದ್ದ. ಅದಕ್ಕೆ ಮದ್ದು ಸೇರಿದ್ದು 1857ರ.22ರಲ್ಲಿ. 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿ ತಂದ '.22 ಲಾಂಗ್ ರೈಫಲ್' ತೋಟಾ ಇಂದಿಗೂ ಒಲಿಂಪಿಕ್ ಪಂದ್ಯಗಳಲ್ಲಿದೆ. ಗುಂಡಿನ ತೂಕ ಸುಮಾರು ಎರಡೂವರೆ ಗ್ರಾಂ. ಎನ್‌ಸಿಸಿ ಹುಡುಗರ ಬಾಯಲ್ಲಿ 'ಪಾಯಿಂಟ್ ಟೂಟೂ' ಎನಿಸಿಕೊಂಡಿರುವುದು ಇದೇ.

ಬೆಂಚ್‌ರೆಸ್ಟ್ ಪಂದ್ಯದಲ್ಲಿ ಈ ತೋಟಾದ ರೈಫಲನ್ನು ಗಟ್ಟಿಯಾದ ಮೇಜಿನ ಮೇಲೆ, ಮುಂದೊಂದು ಆಸರೆ, ಹಿಂದೊಂದು ಮರಳಿನ ಚೀಲ ಇಟ್ಟು ಕೂಡಿಸುತ್ತಾರೆ. ಗುರಿ ಸಾಮಾನ್ಯವಾಗಿ 50 ಗಜ ಅಥವಾ 50 ಮೀಟರ್ ದೂರದಲ್ಲಿರುತ್ತದೆ. ಒಂದು ಹಾಳೆಯ ಮೇಲೆ 25 ಪುಟ್ಟ ಗುರಿಗಳು. ಒಂದೊಂದಕ್ಕೆ ಒಂದೇ ಗುಂಡು. ನಡುದಾರಿಯಲ್ಲಿ ನೆಟ್ಟ ಸಣ್ಣ ಬಾವುಟಗಳನ್ನು ನೋಡಿ ಗಾಳಿಯ ಲೆಕ್ಕ ಹಾಕಬೇಕು. ಇಲ್ಲಿ ಕೈ ನಡುಗಿತೆಂಬ ನೆಪ ನಡೆಯುವುದಿಲ್ಲ. ಉಳಿಯುವುದು ಮೂರೇ: ನಳಿಗೆ, ತೋಟಾ, ಗಾಳಿ.

ಹೀಗಾಗಿ ಖರ್ಚೆಲ್ಲ ನಳಿಗೆಯ ಕಡೆಗೆ ಹರಿಯುತ್ತದೆ. ತುಕ್ಕು ಹಿಡಿಯದ ಉಕ್ಕಿನ ಸಲಾಕೆಯನ್ನು ಉದ್ದಕ್ಕೂ ಕೊರೆದು, 16 ಅಂಗುಲಕ್ಕೆ ಒಂದರಂತೆ ಸುತ್ತುವ ಗೀರುಗಳನ್ನು ಮಾಡಿ, ಸೀಸದ ತುಂಡಿಗೆ ಉಜ್ಜುಪುಡಿ ಸವರಿ ಒಳಮೈಯನ್ನು ಕೈಯಿಂದ ತಿಕ್ಕುತ್ತಾರೆ. ತಿಕ್ಕುವವನ ಬೆರಳಿಗೆ ನಳಿಗೆಯ ಬಿಗಿ, ಸಡಿಲುಗಳು ತಿಳಿಯುತ್ತವೆ. ಅತ್ಯಂತ ಬಿಗಿಯಾದ ಜಾಗ ಹುಡುಕಿ ಅದೇ ಬಾಯಾಗುವಂತೆ ನಳಿಗೆಯನ್ನು ಕತ್ತರಿಸುವುದು ಒಳ್ಳೆಯ ಬಂದೂಕುಗಾರನ ಗುಟ್ಟು. ಈ ಗುಂಡು ಶಬ್ದಕ್ಕಿಂತ ತುಸು ನಿಧಾನವಾಗಿ ಹೋಗುವಂಥದ್ದು. ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ. ಅಷ್ಟರಲ್ಲಿ ನಳಿಗೆ ತಂತಿಯಂತೆ ಕಂಪಿಸುತ್ತದೆ. ಆ ಕಂಪನವನ್ನು ಹದಕ್ಕೆ ತರಲು ಬಾಯಿಗೆ ಒಂದು ತೂಕದ ಬಿರಡೆಯನ್ನು ಹಾಕಿ, ತಂಬೂರಿಯ ಶ್ರುತಿ ಕೂಡಿಸುವಂತೆ ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ.

ಅಮೆರಿಕದಲ್ಲಿ ಇಂಥ ನಳಿಗೆಯ ಕಚ್ಚಾ ಕೊಳವೆಗೇ ಸುಮಾರು 350ರಿಂದ 500 ಡಾಲರ್. ಅದನ್ನು ಕೂಡಿಸುವ ಕೂಲಿ, ಬಿಲ್ಲು, ಮರ, ದುರ್ಬೀನು ಎಲ್ಲ ಸೇರಿ ಪೂರ್ಣ ರೈಫಲಿಗೆ ನಾಲ್ಕೈದು ಸಾವಿರ ಡಾಲರ್ ಆಗುವುದು ಸಾಮಾನ್ಯ. ನಮ್ಮ ಲೆಕ್ಕದಲ್ಲಿ ಮೂರೂವರೆ ನಾಲ್ಕು ಲಕ್ಷ ರೂಪಾಯಿಗೆ ಕಡಿಮೆಯಿಲ್ಲ. ರಿಮ್‌ಫೈರ್ ತೋಟಾವನ್ನು ಮನೆಯಲ್ಲಿ ಮತ್ತೆ ತುಂಬಿಕೊಳ್ಳಲು ಬರುವುದಿಲ್ಲವಾದ್ದರಿಂದ, ಕಾರ್ಖಾನೆಯ ಬೇರೆ ಬೇರೆ ತಯಾರಿಕೆಯ ಪೆಟ್ಟಿಗೆಗಳನ್ನು ಕೊಂಡು ಹೊಡೆದು ನೋಡಿ ತನ್ನ ನಳಿಗೆಗೆ ಹೊಂದುವುದನ್ನು ಆರಿಸುವ ಖರ್ಚು ಬೇರೆ.

ಹಮ್ಮಿಗಿಯಲ್ಲಿ ಹಿಡಿದ ಹತಾರ

ಅಲ್ಲಿ ನಳಿಗೆಯ ಬೆಲೆಯನ್ನು ಡಾಲರಿನಲ್ಲಿ ಎಣಿಸಿದರೆ, ಗದಗ ಸೀಮೆಯಲ್ಲಿ ಒಂದು ಕಾಲಕ್ಕೆ ಪ್ರಾಣದಿಂದ ಎಣಿಸಬೇಕಾಯಿತು. 1857ರ ನಿಶ್ಶಸ್ತ್ರೀಕರಣ ಕಾಯ್ದೆಯ ಮೊದಲ ಪೆಟ್ಟು ಬಿದ್ದದ್ದು ಉತ್ತರಕ್ಕೆ, ಮುಧೋಳ ಸಂಸ್ಥಾನದ ಹಲಗಲಿಯ ಮೇಲೆ. ಬೇಡರಿಗೆ ಹತಾರವೆಂದರೆ ಕಸುಬು, ಮಾನ ಎರಡೂ. ಅದನ್ನು ಒಪ್ಪಿಸಲೊಲ್ಲದೆ ಅವರು ತಿರುಗಿ ನಿಂತಾಗ, ನವೆಂಬರ್ ಕೊನೆಯಲ್ಲಿ ಕಂಪನಿಯ ದಂಡು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಮುಧೋಳದ ಸಂತೆಯ ದಿನವೇ ಸೆರೆಸಿಕ್ಕವರನ್ನು ಗಲ್ಲಿಗೇರಿಸಲಾಯಿತು. ಈ ಕತೆಯ ಲಾವಣಿಯನ್ನು ಮುಂದೆ ಜೆ. ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ್ದರಿಂದ ಅದು ಇಂದಿಗೂ ಉಳಿದಿದೆ.

ಆರು ತಿಂಗಳು ಕಳೆಯುವಷ್ಟರಲ್ಲಿ ಬೆಂಕಿ ಗದಗಿನ ಸುತ್ತ ಹೊತ್ತಿತು. ಮುಂಡರಗಿಯ ಭೀಮರಾಯ ಓದಿದವನು, ಬಳ್ಳಾರಿ ಜಿಲ್ಲೆಯಲ್ಲಿ ಮಾಮಲೇದಾರನಾಗಿದ್ದವನು. ಕೆಲಸ ಕಳೆದುಕೊಂಡ ಮೇಲೆ ಸುತ್ತಲಿನ ದೇಸಾಯಿಗಳನ್ನೂ ನರಗುಂದದ ಬಾಬಾಸಾಹೇಬನನ್ನೂ ಕೂಡಿಕೊಂಡು ಸಿದ್ಧತೆ ನಡೆಸಿದ್ದ. ತುಂಗಭದ್ರೆಯ ದಂಡೆಯ ಹಮ್ಮಿಗಿಯಲ್ಲಿ ಕೂಡಿಟ್ಟಿದ್ದ ಆಯುಧಗಳ ಸುಳಿವು ಸರ್ಕಾರಕ್ಕೆ ಹತ್ತಿ, ಅವನ್ನು ಜಪ್ತಿ ಮಾಡಿ ಪಹರೆ ಹಾಕಿದಾಗ ಭೀಮರಾಯನಿಗೆ ಕಾಯುವ ಹೊತ್ತು ಉಳಿಯಲಿಲ್ಲ. 1858ರ ಮೇ ಕೊನೆಯ ವಾರದಲ್ಲಿ ಪಹರೆಯ ಮೇಲೆ ಬಿದ್ದು ಆಯುಧಗಳನ್ನು ಬಿಡಿಸಿಕೊಂಡ. ಡಂಬಳದ ಖಜಾನೆಯನ್ನು ಲೂಟಿಮಾಡಿ, ನಿಜಾಮನ ಸೀಮೆಯ ಕೊಪ್ಪಳ ಕೋಟೆಯನ್ನು ಹಿಡಿದ. ಜೂನ್ ಆರಂಭದಲ್ಲಿ ಮೇಜರ್ ಹ್ಯೂಸನ ದಂಡು ಕೋಟೆಯನ್ನು ಒಡೆದಾಗ ಅವನೂ ಹಮ್ಮಿಗಿಯ ಕೆಂಚನಗೌಡನೂ ಹೋರಾಡುತ್ತ ಸತ್ತರು.

ನರಗುಂದದಲ್ಲಿಯೂ ಅದೇ ವಾರ. ದತ್ತಕಕ್ಕೆ ಒಪ್ಪಿಗೆ ಸಿಗದೆ ನೊಂದಿದ್ದ ಬಾಬಾಸಾಹೇಬನ ಮೇಲೆ ತೋಪು, ಮದ್ದುಗಳನ್ನು ಒಪ್ಪಿಸಬೇಕೆಂಬ ಒತ್ತಡವೂ ಬಿದ್ದಿತ್ತು. ಮೇ 29ರ ರಾತ್ರಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್‌ಸನ್ ಅವನ ಜನರ ಕೈಯಲ್ಲಿ ಕೊಲೆಯಾದ. ನಾಲ್ಕು ದಿನದೊಳಗೆ ನರಗುಂದ ಬಿದ್ದಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು.

ಇವರೆಲ್ಲ ಬಂದೂಕಿಗಾಗಿಯೇ ಬಂಡೆದ್ದರು ಎನ್ನುವುದು ಸರಿಯಲ್ಲ. ನೌಕರಿ, ದತ್ತಕ, ಇನಾಮು, ಮಾನ ಹೀಗೆ ಒಬ್ಬೊಬ್ಬರಿಗೆ ಒಂದೊಂದು ಗಾಯ. ಆದರೆ ಆಯುಧ ಒಪ್ಪಿಸು ಎಂಬ ಆಜ್ಞೆ ಆ ಗಾಯಗಳನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿತು. ಕುಲುಮೆಯಲ್ಲಿ ಬಡಿದ ಒಂದು ನಳಿಗೆ ಮನೆಯ ಗೂಟಕ್ಕೆ ತೂಗಿರಬೇಕೋ, ಕಚೇರಿಯ ಕೋಣೆಯಲ್ಲಿರಬೇಕೋ ಎಂಬುದು ಯಾರು ಯಾರಿಗೆ ಆಳು ಎಂಬ ಪ್ರಶ್ನೆಯಾಗಿ ನಿಂತಿತು.

ಎರಡು ಬಗೆಯ ನಾಡು

1878ರಲ್ಲಿ ಲಾರ್ಡ್ ಲಿಟನ್‌ನ ಆಯುಧ ಕಾಯ್ದೆ ಬಂದು ಲೈಸೆನ್ಸು ಎಂಬ ಕಾಗದ ಖಾಯಮ್ಮಾಯಿತು. ಯೂರೋಪಿಯನ್ನರಿಗೆ ವಿನಾಯಿತಿ, ದೇಶದ ಜನಕ್ಕೆ ಅರ್ಜಿ. ಬ್ರಿಟಿಷ್ ಇಂಡಿಯಾದ ಒಳಗೆ ಆಯುಧ ತರುವುದಕ್ಕೂ ಹೊರಗೆ ಒಯ್ಯುವುದಕ್ಕೂ ಅದು ಕಟ್ಟು ಹಾಕಿತು. ಗದಗ, ಬೆಟಗೇರಿ, ಮುಂಡರಗಿ ಧಾರವಾಡ ಜಿಲ್ಲೆಗೆ ಸೇರಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ. ಲೈಸೆನ್ಸುದಾರ ತನ್ನ ಸ್ವಂತ ಬಂದೂಕನ್ನು ಒಯ್ಯಬಹುದಿತ್ತಾದರೂ, ಅರ್ಧ ದಿನದ ಬಂಡಿ ಹಾದಿಯ ಶಿರಹಟ್ಟಿಗೆ ಗದಗಿನಿಂದ ಮಾರಾಟಕ್ಕೆ ಬಂದೂಕು ಸಾಗಿಸಿದರೆ ಕಾನೂನಿನ ಕಣ್ಣಿಗೆ ಅದು ಪರದೇಶಕ್ಕೆ ಕಳಿಸಿದಂತೆಯೇ.

ಈ ಕಾಯ್ದೆಯ ವಿರುದ್ಧ ಕಾಂಗ್ರೆಸ್ 1887ರ ಮದರಾಸು ಅಧಿವೇಶನದಲ್ಲೇ ನಿರ್ಣಯ ಮಾಡಿತು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಮೊದಲು ಗಾಂಧೀಜಿ ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ, ಆತ್ಮರಕ್ಷಣೆಗೆ ಬಂದೂಕಿನ ಲೈಸೆನ್ಸು ಕೊಡಬೇಕೆಂಬುದೂ ಒಂದು. ಅಹಿಂಸೆಯ ಗುರುವೇ ಇದನ್ನು ಕೇಳಿದ್ದು ಸೋಜಿಗವೆನಿಸಬಹುದು. ಆಯುಧ ಹಿಡಿಯಲು ಬಾರದವನ ಅಹಿಂಸೆಗೂ ಹಿಡಿಯದಿರಲು ನಿಶ್ಚಯಿಸಿದವನ ಅಹಿಂಸೆಗೂ ಅವರು ವ್ಯತ್ಯಾಸ ಕಾಣುತ್ತಿದ್ದರು.

ಕಾನೂನಿನ ಈ ಬಿಗಿ, ಸಡಿಲುಗಳು ಜನರ ಅಭಿರುಚಿಯನ್ನೇ ಹೇಗೆ ತಿದ್ದುತ್ತವೆ ಎಂಬುದಕ್ಕೆ ಕೊಡಗು ಸಾಕ್ಷಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರು ಕೊಟ್ಟ ವಿನಾಯಿತಿ ಸ್ವಾತಂತ್ರ್ಯಾನಂತರವೂ ಉಳಿದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಅಲ್ಲಿ ಕೈಲ್ ಮುಹೂರ್ತದ ಹಬ್ಬದಲ್ಲಿ ಕೋವಿಗೆ ಪೂಜೆ. ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ. ಗದಗ, ಮುಂಡರಗಿ ಕಡೆಯ ಜಾತ್ರೆಗಳಲ್ಲಿ 'ಗುಂಡು' ಎಂದರೆ ಎತ್ತುವ ಕಲ್ಲು. ಈ ಸೀಮೆಯ ತೋಳ್ಬಲ ಗರಡಿ ಮನೆಗೆ, ಸಂಗ್ರಾಣಿ ಕಲ್ಲಿಗೆ, ಕುಸ್ತಿಯ ಕಣಕ್ಕೆ ಹೋಯಿತು. ಬೇಡರ, ನಾಯಕರ ನೆಲದಲ್ಲಿ ಕಣ್ಣಿನ ಗುರಿಗೆ ಕೊರತೆಯಿರಲಿಲ್ಲ. ಗುರಿ ಕಲಿಯುವ ನಳಿಗೆ ಮನೆಯಲ್ಲಿರಲಿಲ್ಲ.

ರಸೀದಿ

ಇಂದು ನಡೆಯುತ್ತಿರುವುದು 1959ರ ಆಯುಧ ಕಾಯ್ದೆ. .22 ರೈಫಲಿಗೂ ಲೈಸೆನ್ಸು ಬೇಕು. 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸುದಾರ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. 1980ರ ದಶಕದಿಂದ ಖಾಸಗಿ ವ್ಯಕ್ತಿಗಳು ವಿದೇಶಿ ಬಂದೂಕು ತರಿಸುವುದು ಹೆಚ್ಚುಕಡಿಮೆ ನಿಂತಿದ್ದು, ಆ ಅವಕಾಶ ಉಳಿದಿರುವುದು ಗೊತ್ತಾದ ಅಂಕ ಗಳಿಸಿ ಹೆಸರು ಮಾಡಿದ ಗುರಿಕಾರರಿಗೆ. ಅಂಕ ಗಳಿಸಲು ಒಳ್ಳೆಯ ರೈಫಲ್ ಬೇಕು. ಒಳ್ಳೆಯ ರೈಫಲ್ ತರಿಸಲು ಅಂಕ ಬೇಕು.

ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. 1948ರಿಂದ ನಡೆದುಬಂದಿರುವ ಎನ್‌ಸಿಸಿಯ ಶಿಬಿರಗಳಲ್ಲಿ ಹಳ್ಳಿಯ ಹುಡುಗ ಹುಡುಗಿಯರು ಮಣ್ಣಿನ ಮೇಲೆ ಬೋರಲು ಮಲಗಿ .22 ಹೊಡೆಯುತ್ತಾರೆ. ಪಕ್ಕದ ಕೊಲ್ಲಾಪುರ ಜಿಲ್ಲೆಯ ಕಂಬಳವಾಡಿ ಎಂಬ ಹಳ್ಳಿಯಿಂದ ಬಂದ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದದ್ದು ಇದೇ ರಿಮ್‌ಫೈರ್ ತೋಟಾದಿಂದ. ಮೇಜಿನ ಆಸರೆಯಿಲ್ಲದೆ ನಿಂತು, ಮಂಡಿಯೂರಿ, ಮಲಗಿ ಹೊಡೆಯುವ ಆ ಪಂದ್ಯ ಬೆಂಚ್‌ರೆಸ್ಟ್ ಅಲ್ಲ. ಆದರೆ ನಳಿಗೆಯ ವಿದ್ಯೆ ಒಂದೇ.

ಹಳೆಯ ಬಂದೂಕಿಗೆ ಬೇಟೆಯ ಕೆಲಸವೂ ಈಗ ಉಳಿದಿಲ್ಲ. 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಲ್ಲಿಸಿತು. ಮುಂಡರಗಿ, ಶಿರಹಟ್ಟಿಗಳ ನಡುವಿನ ಕಪ್ಪತಗುಡ್ಡ 2019ರಲ್ಲಿ ಅಭಯಾರಣ್ಯವಾಯಿತು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳು ಗುಂಡಿನ ಸಪ್ಪಳವಿಲ್ಲದೆ ಸುತ್ತಲ ಹೊಲಗಳಲ್ಲಿ ಮೇಯುತ್ತವೆ. ಇದು ನಷ್ಟವೆಂದು ಯಾರೂ ಹೇಳರು.

ಬಂದೂಕಿನ ಲೈಸೆನ್ಸಿದ್ದವರಿಗೆ ಚುನಾವಣೆ ಬಂದಾಗಲೆಲ್ಲ ಒಂದು ಕೆಲಸ ಗೊತ್ತಾಗಿರುತ್ತದೆ. ಪೊಲೀಸ್ ಠಾಣೆಗೆ ಹೋಗಿ ಬಂದೂಕು ಒಪ್ಪಿಸಿ, ರಸೀದಿ ಪಡೆದು ಬರುವುದು. ಎಣಿಕೆ ಮುಗಿದ ಮೇಲೆ ರಸೀದಿ ತೋರಿಸಿ ಅದನ್ನು ಬಿಡಿಸಿಕೊಳ್ಳುವುದು. ಹಮ್ಮಿಗಿಯಲ್ಲಿ ಜಪ್ತಿಯಾದ ಹತಾರಕ್ಕೂ ಈ ಬಂದೂಕಿಗೂ ಇರುವ ಅಂತರ ಆ ಒಂದು ತುಂಡು ಕಾಗದದ್ದು. ಅಂದು ಒಪ್ಪಿಸೆಂದು ಹೇಳಿದ ಸರ್ಕಾರವನ್ನು ಬದಲಿಸುವ ದಾರಿ ಭೀಮರಾಯನಿಗೆ ಇರಲಿಲ್ಲ. ಇಂದು ಬಂದೂಕು ಒಪ್ಪಿಸುವುದೇ ಸರ್ಕಾರವನ್ನು ಆರಿಸಲಿಕ್ಕಾಗಿ. ಹಮ್ಮಿಗಿಯ ಬಳಿ ಈಗ ತುಂಗಭದ್ರೆಗೆ ಅಡ್ಡಲಾಗಿ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ನಿಂತಿದೆ. ಅದರ ನೀರು ಯಾರ ಹೊಲಕ್ಕೆ ಎಷ್ಟು ಎಂಬ ಜಗಳವನ್ನು ಆ ಊರಿನವರು ಇಂದು ಓಟಿನಿಂದಲೇ ಆಡುತ್ತಾರೆ.